ತಿಂಗಳಿಗೆ ಒಂದೇ ಆಲ್ಬಂ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊರಗೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಹೊಯ್ಯುತ್ತಿದೆ. ತೋಟದಲ್ಲಿ ಕೆಲಸ ಕಡಿಮೆ, ಕರೆಂಟು ಬಂದರೆ ಬಂತು. ಇಂಥ ಹೊತ್ತಿನಲ್ಲಿ ಒಲೆ ಹತ್ತಿರ ರೇಡಿಯೋ ಇಟ್ಟುಕೊಂಡು ಕೂತಿರುವ ನಿಮ್ಮ ಜೊತೆ ಅಮೆರಿಕದ ಜಾಜ್ ಸಂಗೀತದ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ ಕಡೆಯ ನಾವು ಏಳು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಮೇಷ್ಟ್ರು, ಒಬ್ಬರು ಕರಿಮೆಣಸಿನ ವ್ಯಾಪಾರದವರು, ಒಬ್ಬರು ನರ್ಸಮ್ಮ, ಮಿಕ್ಕವರು ನನ್ನ ಹಾಗೆ ಕಾಫಿ ಬೆಳೆಯುವವರು. ಕಾಫಿ ಕುಡಿದಾದ ಮೇಲೆ ಒಂದೇ ಪ್ರಶ್ನೆ: 'ಈಗ ಯಾವ ಆಲ್ಬಂ ಕೇಳ್ತಾ ಇದ್ದೀರಿ?' ಅದಕ್ಕೆ ಒಂದೇ ಹೆಸರು ಹೇಳಬೇಕು. ತಿಂಗಳಿಗೆ ಒಂದೇ ಆಲ್ಬಂ, ಮೊದಲಿನಿಂದ ಕೊನೆಯವರೆಗೆ, ಮತ್ತೆ ಮತ್ತೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದೂ ಇಷ್ಟೇ.

ಈಗ ಎಲ್ಲರ ಫೋನಿನಲ್ಲೂ ಸಾವಿರಾರು ಹಾಡು ಇವೆ. ಒಂದು ಶುರುವಾಗಿ ಅರ್ಧ ನಿಮಿಷ ಆಗಿರುವುದಿಲ್ಲ, ಬೆರಳು ಮುಂದಿನದಕ್ಕೆ ಹೋಗಿರುತ್ತದೆ. ಆಮೇಲೆ 'ಜಾಜ್ ನಮಗೆ ಅರ್ಥ ಆಗಲ್ಲಮ್ಮ' ಅನ್ನುತ್ತಾರೆ. ಹೇಗೆ ಅರ್ಥ ಆಗಬೇಕು? ಮನೆಗೆ ಬಂದ ನೆಂಟರನ್ನು ಹೊಸಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರೆ ಅವರ ಗುಣ ನಮಗೆ ಗೊತ್ತಾಗುವುದು ಯಾವಾಗ?

ನನಗೆ ಇದು ಗೊತ್ತಾದದ್ದು 1989ರ ಮಳೆಗಾಲದಲ್ಲಿ. ನಾನು ಮೈಸೂರಿನವಳು, ವೀಣೆ ಕಲಿತವಳು. ಮದುವೆಯಾಗಿ ಸುಂಟಿಕೊಪ್ಪದ ಹತ್ತಿರದ ತೋಟಕ್ಕೆ ಬಂದ ಮೇಲೆ ಅದು ಮೊದಲ ಮಳೆಗಾಲ. ಅಣ್ಣ ಬೆಂಗಳೂರಿನಿಂದ ಒಂದು ಕ್ಯಾಸೆಟ್ ತುಂಬಿಸಿ ಕಳಿಸಿದ್ದ. ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕರ 'ಕೈಂಡ್ ಆಫ್ ಬ್ಲೂ'. ಅದೇ ವಾರ ಮರ ಬಿದ್ದು ಲೈನು ಹರಿಯಿತು. ಹನ್ನೊಂದು ದಿನ ಕರೆಂಟಿಲ್ಲ. ಮನೆಯಲ್ಲಿ ಸೆಲ್ಲು ಹಾಕುವ ಟೇಪ್ ರೆಕಾರ್ಡರ್ ಇತ್ತು, ಕೇಳಲು ಇದ್ದದ್ದು ಆ ಒಂದೇ ಕ್ಯಾಸೆಟ್.

ಮೊದಲ ಸಲ ಕೇಳಿದಾಗ ನನಗೆ ಬರೀ ಟ್ರಂಪೆಟ್ ಕೇಳಿಸಿತು. ಎರಡನೇ ದಿನ ಎರಡು ಸ್ಯಾಕ್ಸೊಫೋನ್ ಇವೆ, ಎರಡರ ದನಿ ಬೇರೆ ಬೇರೆ ಎಂದು ತಿಳಿಯಿತು. ಒಂದು ಜಾನ್ ಕೋಲ್ಟ್ರೇನ್ ಅವರದು, ಒಂದು ಕ್ಯಾನನ್‌ಬಾಲ್ ಆಡರ್ಲಿ ಅವರದು. ಮೂರನೇ ಸಂಜೆ ಅತ್ತೆ ಅಡುಗೆಮನೆಯಲ್ಲಿ ಎಳೆ ಬಿದಿರಿನ ಕಣಿಲೆ ಹೆಚ್ಚಿ ನೀರಿಗೆ ಹಾಕುತ್ತಾ ಕೂತಿದ್ದರು. ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿತ್ತು. ಅತ್ತೆ ಕತ್ತಿ ನಿಲ್ಲಿಸಿ ಕೇಳಿದರು: 'ಅಡಿಯಲ್ಲಿ ಒಬ್ಬ ದುಂ ದುಂ ಅಂತ ನಡೀತಾನೇ ಇದಾನಲ್ಲ, ಅವನು ಯಾರು?'

ಅಡಿಯಲ್ಲಿ ಒಬ್ಬ ಇದ್ದಾನೆ ಎಂಬುದೇ ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ! ಅವರು ಪಾಲ್ ಚೇಂಬರ್ಸ್. ಆಳೆತ್ತರದ ಡಬಲ್ ಬಾಸ್ ಎಂಬ ವಾದ್ಯವನ್ನು ನಿಲ್ಲಿಸಿಕೊಂಡು ಬೆರಳಿನಲ್ಲಿ ಮೀಟುತ್ತಾರೆ. ಮೊದಲನೆಯ 'ಸೋ ವಾಟ್' ಎಂಬುದರಲ್ಲಿ ಪಲ್ಲವಿ ಹಾಡುವುದೇ ಆ ಬಾಸು. ಅದು ಒಂದು ಮಾತು ಹೇಳುತ್ತದೆ, ಮಿಕ್ಕ ವಾದ್ಯಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. 'ದುಡಿ ಬಡಿದುಕೊಂಡು ಹಾಡುವ ನಮ್ಮ ಕೊಡವ ಹಾಡಿನ ಹಾಗೇ ಇದೆಯಲ್ಲ. ಇವರು ಹೇಳ್ತಾರೆ, ಅವರು ಹೂಂಗುಟ್ಟುತಾರೆ' ಅಂದರು ಅತ್ತೆ. ಆ ಸಂಜೆಯಿಂದ ಇಬ್ಬರೂ ಬಾಸಿನ ಹಿಂದೆಯೇ ಹೋದೆವು. ಚೇಂಬರ್ಸ್ ಹುಟ್ಟಿದ್ದು 1935ರ ಏಪ್ರಿಲ್ 22. ಈ ಆಲ್ಬಂ ಅನ್ನು ನ್ಯೂಯಾರ್ಕಿನಲ್ಲಿ, ಹಳೇ ಚರ್ಚೊಂದರಲ್ಲಿ ಮಾಡಿದ್ದ ಸ್ಟುಡಿಯೋದಲ್ಲಿ, ಎರಡೇ ದಿನದಲ್ಲಿ ಧ್ವನಿಮುದ್ರಿಸಿದರು: 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಎರಡನೇ ದಿನ ಅವರಿಗೆ 24 ತುಂಬಿತು. ಮೂವತ್ತಮೂರನೇ ವಯಸ್ಸಿಗೆ ಹೋಗಿಬಿಟ್ಟರು.

ಐದನೇ ದಿನ ನಾನು ವೀಣೆ ತೆಗೆದೆ. 'ಸೋ ವಾಟ್' ನಮ್ಮ ಖರಹರಪ್ರಿಯ ರಾಗದ ಸ್ವರಗಳಲ್ಲೇ ಇದೆ. ನಡುವೆ ಒಂದಷ್ಟು ಹೊತ್ತು ಇಡೀ ಸಂಗೀತ ವೀಣೆಯ ಒಂದು ಮೆಟ್ಟಿಲಷ್ಟು ಮೇಲಕ್ಕೆ ಹೋಗಿ ಕೆಳಗಿಳಿಯುತ್ತದೆ, ಅಷ್ಟೇ. ಶ್ರುತಿಪೆಟ್ಟಿಗೆಯಲ್ಲಿ ಅದಕ್ಕೆ ಹೊಂದಬೇಕಾದ ಎರಡು ಮನೆ ಶ್ರುತಿ ಹಿಡಿದು ವೀಣೆಯ ತಂತಿ ಕೂಡಿಸಿದೆ. ಊಹೂಂ, ಕೂಡುತ್ತಿಲ್ಲ. ಕ್ಯಾಸೆಟ್ಟಿನ ಷಡ್ಜ, ಅಂದರೆ 'ಸ', ನನ್ನ ಷಡ್ಜಕ್ಕಿಂತ ಒಂದು ಕೂದಲೆಳೆ ಮೇಲೆ. ಬಿರಡೆ ತಿರುಗಿಸಿ ತಿರುಗಿಸಿ ಸಾಕಾಯಿತು.

ಇತ್ತ ಸೆಲ್ಲು ವೀಕಾಗುತ್ತಾ ಬಂತು. ಬಿಸಿಲಿಗೆ ಇಡೋಣ ಎಂದರೆ ಕಕ್ಕಡದಲ್ಲಿ ಬಿಸಿಲೆಲ್ಲಿ? ಅತ್ತೆ ನಾಲ್ಕೂ ಸೆಲ್ಲನ್ನು ಒಲೆಯ ದಂಡೆ ಮೇಲೆ ಬೆಚ್ಚಗೆ ಸಾಲಾಗಿ ಇಡುತ್ತಿದ್ದರು. ದಿನಕ್ಕೆ ಅರ್ಧ ಗಂಟೆಯಷ್ಟು ಜೀವ ಬರುತ್ತಿತ್ತು. ಒಂಬತ್ತನೇ ದಿನ ಹಾಗೆ ಹಾಕಿದಾಗ ಟೇಪು ತುಸು ನಿಧಾನ ಓಡಿತು. ನಿಧಾನ ಓಡಿದರೆ ಶ್ರುತಿ ಇಳಿಯುತ್ತದೆ. ನಾನು ಮೀಟಿದೆ. ಬಾಸಿನ ಷಡ್ಜ ಬಂದು ನನ್ನ ಷಡ್ಜದ ಮೇಲೆ ಸರಿಯಾಗಿ ಕೂತಿತು. ಸುಮಾರು ಮೂರು ನಿಮಿಷ. ಆಮೇಲೆ ಇನ್ನೂ ಇಳಿದು, ಟ್ರಂಪೆಟ್ಟು ಎಮ್ಮೆ ಕೂಗಿದಂತಾಗಿ ನಿಂತಿತು.

ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಾರ್ಚ್ 2ರಂದು ಸ್ಟುಡಿಯೋದ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತಂತೆ. ಅದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರುತ್ತದೆ. ಆ ದಿನ ನುಡಿಸಿದ ಮೊದಲ ಮೂರೂ ಕೃತಿಗಳು ಜಗತ್ತಿನ ಎಲ್ಲರ ಮನೆಯಲ್ಲೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶ್ರುತಿ ಏರಿಯೇ ಕೇಳಿಸಿದವು. ಜೊತೆಯಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು, 1992ರಲ್ಲಿ ಅದರಿಂದ ತಿದ್ದಿದರು. ನಮ್ಮ ಅಡುಗೆಮನೆಯಲ್ಲಿ ಮಾತ್ರ 1989ರಲ್ಲೇ, ಸೋತ ಸೆಲ್ಲಿನ ದಯೆಯಿಂದ, ಆ ಮೂರು ನಿಮಿಷ ಅವರು ನುಡಿಸಿದ ಶ್ರುತಿಯಲ್ಲೇ ಕೇಳಿಸಿತ್ತು. ಇದನ್ನು ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಐವತ್ತು ಕ್ಯಾಸೆಟ್ ಇದ್ದಿದ್ದರೆ ನಾನು ವೀಣೆ ತೆಗೆಯುತ್ತಲೇ ಇರಲಿಲ್ಲ. ಒಂದೇ ಇತ್ತು, ಅದಕ್ಕೇ ತೆಗೆದೆ. ತಿಂಗಳಿಗೆ ಒಂದೇ ಆಲ್ಬಂ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೆ.

ಸಮಯ ಹೆಚ್ಚಿಲ್ಲ, ಗೆಳೆಯರು ಈ ತಿಂಗಳು ಕೇಳುತ್ತಿರುವುದನ್ನು ಬೇಗ ಹೇಳಿಬಿಡುತ್ತೇನೆ. ಕರಿಮೆಣಸಿನವರು ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' ಹಿಡಿದಿದ್ದಾರೆ. ಅದೂ 1959ರದ್ದೇ. ಅದರಲ್ಲಿ 'ಟೇಕ್ ಫೈವ್' ಇದೆ, ಐದು ಎಣಿಕೆಯ ತಾಳ. ನಮ್ಮ ಖಂಡಛಾಪು ತಕ ತಕಿಟ ಆದರೆ, ಇದು ತಕಿಟ ತಕ. ತೊಡೆ ತಟ್ಟಿಕೊಂಡು ಕೇಳಿ, ಸಾಕು. ರಚಿಸಿದವರು ಬ್ರೂಬೆಕ್ ಅಲ್ಲ, ಅವರ ಜೊತೆಗಿದ್ದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್.

ಮೇಷ್ಟ್ರದು ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್'. ದೇವರಿಗೆ ಅರ್ಪಿಸಿದ ನಾಲ್ಕು ಭಾಗದ ಕೃತಿ, 1964ರ ಡಿಸೆಂಬರ್ 9ರಂದು ಒಂದೇ ದಿನದಲ್ಲಿ ನುಡಿಸಿದ್ದು. ಮೂವತ್ತಮೂರು ನಿಮಿಷ, ಅಷ್ಟೇ. ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತದೆ. ಅಷ್ಟಕ್ಕೂ ಪುರುಸೊತ್ತಿಲ್ಲ ಅನ್ನಬೇಡಿ.

ನರ್ಸಮ್ಮ ಕೇಳುತ್ತಿರುವುದು 2008ರ 'ಕಿನ್ಸ್‌ಮೆನ್'. ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನಮ್ಮ ಕದ್ರಿ ಗೋಪಾಲನಾಥರು ನುಡಿಸಿದ್ದಾರೆ. ಘಟ್ಟದ ಕೆಳಗಿನ ಆ ಹಿರಿಯರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ಹಾಡಿಸಿದವರು, ಬಾಂಬೆಯ ಜಾಜ್ ಯಾತ್ರಾ ಉತ್ಸವದಲ್ಲಿ 1980ರಲ್ಲೇ ನುಡಿಸಿದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಂಡದವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' ಬಗ್ಗೆ ಬೇಕಾದಷ್ಟು ಹೇಳುವುದಿತ್ತು. ಆರ್. ಎ. ರಮಾಮಣಿಯವರ ಕಂಠ ಅದರಲ್ಲಿದೆ. ಇವತ್ತು ಹೆಸರಷ್ಟೇ ಬರೆದುಕೊಳ್ಳಿ.

ಬರೆದುಕೊಂಡದ್ದನ್ನೆಲ್ಲ ಒಂದೇ ರಾತ್ರಿ ಕೇಳಬೇಡಿ, ದಯವಿಟ್ಟು. ಒಂದನ್ನು ಆರಿಸಿ. ಸೆಪ್ಟೆಂಬರಿನಲ್ಲಿ ನಮ್ಮ ಕೈಲಪೊಳ್ದ್ ಹಬ್ಬ ಬರುವತನಕ ಅದೊಂದನ್ನೇ ಕೇಳಿ.

ಈಗ ಆಕಾಶವಾಣಿಯವರು 'ಸೋ ವಾಟ್'ನ ಮೊದಲ ಭಾಗವನ್ನು ಕೇಳಿಸುತ್ತಾರೆ. ಆರಂಭ ಬಹಳ ಮೆಲ್ಲಗಿದೆ, ಪಿಯಾನೋ ಮತ್ತು ಬಾಸ್ ಎರಡೇ. ಹಂಚಿನ ಮೇಲೆ ಮಳೆ ಜೋರಾಗಿದ್ದರೆ ರೇಡಿಯೋ ಹತ್ತಿರಕ್ಕೆ ಎಳೆದುಕೊಳ್ಳಿ, ವಾಲ್ಯೂಮ್ ಏರಿಸಿ. ಟ್ರಂಪೆಟ್ ಬರಲಿ ಎಂದು ಕಾಯಬೇಡಿ. ಅಡಿಯಲ್ಲಿ ನಡೆಯುವವರನ್ನು ಹಿಡಿದುಕೊಳ್ಳಿ.