ಕ್ಯಾಸೆಟ್ ದನಿ ಮಂಕಾಗಿದ್ಯಾ? ಬಿಸಾಕೋ ಮುಂಚೆ ಈ ಸ್ಕ್ರೂ ತಿರುಗಿಸಿ ನೋಡಿ

[ಮೇಜಿನ ಮೇಲೆ ಕಪ್ಪು ಟೂ-ಇನ್-ಒನ್. ಪ್ಲೇ ಒತ್ತಿದ ಕೂಡಲೇ ಯಕ್ಷಗಾನದ ಪದ, ಮಂಕು ದನಿಯಲ್ಲಿ, ಹತ್ತು ಸೆಕೆಂಡು.]

ಕೇಳಿಸ್ತಲ್ಲ? ಭಾಗವತರು ಹಾಡ್ತಿದ್ದಾರೆ, ಚೆಂಡೆ ಮದ್ದಳೆ ಎರಡೂ ಇದೆ, ಆದ್ರೆ ಎಲ್ಲರೂ ಕಂಬಳಿ ಹೊದ್ದು ಕೂತ ಹಾಗಿದೆ. ತಾಳದ ಸದ್ದಂತೂ ಇಲ್ಲವೇ ಇಲ್ಲ. ಇದನ್ನ ಕೇಳಿದ ಹತ್ತರಲ್ಲಿ ಒಂಬತ್ತು ಜನ "ಕ್ಯಾಸೆಟ್ ಹೋಯ್ತು ಬಿಡಿ" ಅಂತಾರೆ. ಕ್ಯಾಸೆಟ್ ಹೋಗಿಲ್ಲ. ತಾಳ ಟೇಪಿನ ಮೇಲೆ ಹಾಗೇ ಕೂತಿದೆ, ಮಷೀನು ಅದನ್ನ ಓದ್ತಾ ಇಲ್ಲ, ಅಷ್ಟೆ.

ನಮಸ್ಕಾರ. ಇವತ್ತು ಇದೇ ಕ್ಯಾಸೆಟ್ಟಿಂದ ಇದೇ ಮಷೀನಲ್ಲಿ ಆ ತಾಳನ ಹೊರಗೆ ತೆಗೆಯೋಣ.

[ಕ್ಯಾಸೆಟ್ ಕೈಯಲ್ಲಿ, ಟೇಪು ಕಾಣೋ ಕಡೆ ಹತ್ತಿರದಿಂದ.]

ಇದು 1963ರಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ತೋರಿಸಿದ ವಸ್ತು. ಮಾಡಿದ್ದು ಲೂ ಒಟ್ಟೆನ್ಸ್ ಅನ್ನೋ ಎಂಜಿನಿಯರ್ ಮತ್ತವರ ತಂಡ. ಎಷ್ಟು ದೊಡ್ಡದಿರಬೇಕು ಅಂತ ನೋಡೋಕೆ ಕೋಟಿನ ಜೇಬಿಗೆ ಹಿಡಿಸೋ ಮರದ ತುಂಡು ಇಟ್ಕೊಂಡಿದ್ದರಂತೆ. ಆಗ ಅವರ ತಲೇಲಿ ಇದ್ದದ್ದು ಮಾತು ರೆಕಾರ್ಡ್ ಮಾಡೋದು, ಸಂಗೀತ ಅಲ್ಲ. ಆ ಲೆಕ್ಕದ ಫಲಾನ ನಾವು ಇವತ್ತಿಗೂ ಉಣ್ತಾ ಇದ್ದೀವಿ: ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಮ್ಮಿ, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಈ 4.76 ನೆನಪಿಟ್ಕೊಳ್ಳಿ, ಈಗ ಬೇಕಾಗುತ್ತೆ.

ಅದಕ್ಕೂ ಮುಂಚೆ ಎರಡು ಕೆಲಸ. ಅಟ್ಟದಿಂದ ಇಳಿಸಿದ ಮಷೀನಿಗೆ ಮನೇಲಿರೋ ಒಂದೇ ಒಂದು ಅಮೂಲ್ಯ ಕ್ಯಾಸೆಟ್ಟನ್ನ ತಕ್ಷಣ ಹಾಕಬೇಡಿ. ಮೊದಲು ಕ್ಯಾಸೆಟ್ಟಿನ ಬೆನ್ನ ಮೇಲೆ, ಈ ಎರಡು ಮೂಲೇಲಿ ಇರೋ ಪ್ಲಾಸ್ಟಿಕ್ ಬಿಲ್ಲೆ ಮುರೀರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದು ಕೆಳಗಿಳಿಯಲ್ಲ. ಎರಡನೇದು, ಒಂದು ಹಳೇ ಜಾಹೀರಾತು ಕ್ಯಾಸೆಟ್ಟೋ ಏನೋ, ಹೋದರೂ ಪರವಾಗಿಲ್ಲ ಅನ್ನೋದನ್ನ ಹಾಕಿ ಹತ್ತು ನಿಮಿಷ ಓಡಿಸಿ. ಮಷೀನು ರೀಲು ನುಂಗೋದಿದ್ರೆ ಅದನ್ನ ನುಂಗಲಿ.

[ಹಿಂದಿನ ಮುಚ್ಚಳ ತೆಗೆದ ದೃಶ್ಯ. ಕಪ್ಪು ಅಂಟಾಗಿರೋ ಹಳೇ ಬೆಲ್ಟು ಬೆರಳಿಗೆ ಮೆತ್ತಿಕೊಂಡಿದೆ.]

ಬೆಲ್ಟು. ಯಾವ ಕಂಪನಿದಾದ್ರೂ ಸರಿ, ಮೂವತ್ತು ನಲವತ್ತು ವರ್ಷ ಆದ ರಬ್ಬರಿಗೆ ಗತಿ ಇದೇ: ಸಡಿಲ ಆಗುತ್ತೆ, ಇಲ್ಲಾ ಹೀಗೆ ಕರಗಿ ಡಾಂಬರ್ ಆಗುತ್ತೆ. ಪುಲ್ಲಿ ಒರೆಸಿ ಹೊಸದು ಹಾಕಿದ್ದೀನಿ. ಟೇಪನ್ನ ಓದೋ ಹೆಡ್ಡು, ಟೇಪನ್ನ ಎಳೆಯೋ ಕಡ್ಡಿ ಅಂದರೆ ಕ್ಯಾಪ್‌ಸ್ಟನ್, ಟೇಪನ್ನ ಅದಕ್ಕೆ ಒತ್ತಿ ಹಿಡಿಯೋ ಪಿಂಚ್ ರೋಲರ್, ಈ ಮೂರನ್ನೂ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ್ದೂ ಆಯ್ತು. ಹತ್ತಿಗೆ ಬಂದ ಆ ಕಂದು ಬಣ್ಣ ನೋಡಿ, ಅದು ಟೇಪಿಂದ ಉದುರಿದ ಐರನ್ ಆಕ್ಸೈಡ್ ಪುಡಿ. ಇಷ್ಟೆಲ್ಲ ಮಾಡಿದ ಮೇಲೂ ದನಿ ನೀವು ಶುರುವಿನಲ್ಲಿ ಕೇಳಿದ ಹಾಗೇ ಇತ್ತು.

[ಹೆಡ್ಡಿನ ಕ್ಲೋಸಪ್. ಎಡಕ್ಕೂ ಬಲಕ್ಕೂ ಒಂದೊಂದು ಸ್ಕ್ರೂ. ಒಂದರ ಕೆಳಗೆ ಸ್ಪ್ರಿಂಗ್.]

ಈಗ ಅಸಲು ವಿಷಯಕ್ಕೆ ಬರೋಣ. ಹೆಡ್ಡಿನ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೊಂದಿದೆ. ಟೇಪು ಅದರ ಮುಂದೆ ಹಾದು ಹೋಗುವಾಗ ಆ ಸೀಳು ಟೇಪಿಗೆ ನೆಟ್ಟಗೆ, ತೊಂಬತ್ತು ಡಿಗ್ರಿಯಲ್ಲಿ ನಿಂತಿರಬೇಕು. ಈ ಕೋನಕ್ಕೆ ಅಜಿಮತ್ ಅಂತಾರೆ. ರಿಪೇರಿ ಅಂಗಡೀಲಿ "ಹೆಡ್ ಅಡ್ಜಸ್ಟ್ ಮಾಡಿಕೊಡ್ತೀನಿ" ಅಂದರೆ ಇದೇ.

ಎಷ್ಟು ನೆಟ್ಟಗೆ? ಲೆಕ್ಕ ಹಾಕಿ. ತಾಳದ ಆ ಚುರುಕು ಸದ್ದಿನಲ್ಲಿ 10,000 ಹರ್ಟ್ಸ್ ಆಸುಪಾಸಿನ ಕಂಪನ ಇರುತ್ತೆ ಅಂತಿಟ್ಕೊಳ್ಳಿ. ಒಂದು ಸೆಕೆಂಡಿನ ಹತ್ತು ಸಾವಿರ ಅಲೆಗಳು 4.76 ಸೆಂಟಿಮೀಟರ್ ಟೇಪಿನಲ್ಲಿ ಹಿಡಿಸಬೇಕು. ಅಂದರೆ ಒಂದೊಂದು ಅಲೆಯ ಉದ್ದ 4.76 ಮೈಕ್ರಾನ್, ತಲೆಗೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗಕ್ಕೂ ಕಮ್ಮಿ. ಸ್ಟೀರಿಯೋ ಕ್ಯಾಸೆಟ್ಟಲ್ಲಿ ಒಂದು ಟ್ರ್ಯಾಕಿನ ಅಗಲ ಸುಮಾರು 0.6 ಮಿಲಿಮೀಟರ್. ಹೆಡ್ಡು ಅರ್ಧ ಡಿಗ್ರಿ ವಾಲಿತು ಅಂದರೆ ಸೀಳಿನ ಮೇಲ್ತುದಿ ಒಂದು ಅಲೆ ಓದ್ತಿರುವಾಗ ಕೆಳತುದಿ ಮುಂದಿನ ಅಲೆ ಓದ್ತಿರುತ್ತೆ. ಏರು ಇಳಿತ ಎರಡೂ ಸೇರಿ ಸೊನ್ನೆ! ತಾಳ ಮಾಯ ಆಗಿದ್ದು ಹೀಗೆ. ಭಾಗವತರ ದನಿ ಯಾಕೆ ಉಳೀತು ಅಂದರೆ, ಅದರ ಅಲೆಗಳು ಉದ್ದ, ಇಷ್ಟು ಸ್ವಲ್ಪ ವಾಲಿದ್ದಕ್ಕೆ ಅವು ಜಗ್ಗಲ್ಲ.

[ಕ್ಯಾಸೆಟ್ ಓಡ್ತಿದೆ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸ್ಪ್ರಿಂಗ್ ಇರೋ ಸ್ಕ್ರೂ ಮೇಲೆ.]

ಸ್ಪ್ರಿಂಗ್ ಇರೋ ಸ್ಕ್ರೂ ಮಾತ್ರ ಮುಟ್ಟಿ. ಇನ್ನೊಂದು ಸಡಿಲಿಸಿದರೆ ಹೆಡ್ಡಿನ ಎತ್ತರವೇ ಏರುಪೇರಾಗುತ್ತೆ. ತುದಿಗೆ ಮ್ಯಾಗ್ನೆಟ್ ಇರೋ ಸ್ಕ್ರೂಡ್ರೈವರ್ ಹತ್ತಿರ ತರಲೇಬೇಡಿ. ಈಗ ಮಾತಾಡಲ್ಲ, ಕೇಳಿ.

[ಸ್ಕ್ರೂ ಬಲಕ್ಕೆ ಕಾಲು ಸುತ್ತು: ದನಿ ಇನ್ನೂ ಮಂಕು. ಎಡಕ್ಕೆ ನಿಧಾನವಾಗಿ: ತಾಳ ಮೇಲೇಳುತ್ತೆ, ಚೆಂಡೆಯ ಪೆಟ್ಟು ಬಿಡಿಬಿಡಿ. ಇನ್ನಷ್ಟು ಎಡಕ್ಕೆ: ಮತ್ತೆ ಮಂಕು. ವಾಪಸ್.]

ಇಲ್ಲಿ! ಹಿಂದೆ ಕುಳಿತ ಪ್ರೇಕ್ಷಕರೊಬ್ಬರು ಕೆಮ್ಮಿದ್ದೂ ಕೇಳಿಸ್ತು. ರೆಕಾರ್ಡಿಂಗಲ್ಲೇ ಇದ್ದ ಸೊಂಯ್ ಸದ್ದೂ ಜಾಸ್ತಿಯಾಯ್ತು, ನಿಜ. ಅದು ಹೆಡ್ಡು ಸರಿಯಾಗಿ ಓದ್ತಿದೆ ಅನ್ನೋದಕ್ಕೇ ಸಾಕ್ಷಿ. ಸೊಂಯ್ ಕಮ್ಮಿ ಇದ್ದರೆ ಒಳ್ಳೆ ಮಷೀನು ಅಂತ ಮಾರೋರು ಹೇಳಿದರೆ ನಂಬಬೇಡಿ.

ಒಂದು ಎಚ್ಚರಿಕೆ. ಕರಾವಳಿ ಕಡೆ ಆಟಕ್ಕೆ, ತಾಳಮದ್ದಳೆಗೆ ಜನ ಟೇಪ್ ರೆಕಾರ್ಡರ್ ಹೊತ್ಕೊಂಡು ಹೋಗಿ ತಾವೇ ರೆಕಾರ್ಡ್ ಮಾಡ್ತಿದ್ರಲ್ಲ, ಆ ಕ್ಯಾಸೆಟ್ಟುಗಳು ಒಂದೊಂದೂ ಒಂದೊಂದು ಮಷೀನಿನ ಕೋನದಲ್ಲಿ ಇರ್ತವೆ. ಆ ಮಷೀನಿನ ಹೆಡ್ಡು ವಾಲಿದ್ರೆ ರೆಕಾರ್ಡಿಂಗೂ ವಾಲಿದೆ. ಹಾಗಾಗಿ ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ತಿರುಗಿಸ್ಕೋಬೇಕು. ಅಂಗಡೀಲಿ ಕೊಂಡ ಕ್ಯಾಸೆಟ್ಟಿಗೆ ಸರಿಮಾಡಿ ಅಲ್ಲಿಗೇ ಬಿಟ್ಟರೆ ಇವುಗಳಿಗೆ ಅನ್ಯಾಯ.

[ಮೋಟರಿನ ಹಿಂಭಾಗ. ಸಣ್ಣ ತೂತು.]

ವೇಗ ಬೇಗ ಹೇಳಿಬಿಡ್ತೀನಿ. 3150 ಹರ್ಟ್ಸಿನ ಒಂದೇ ಸ್ವರ ತುಂಬಿರೋ ಟೆಸ್ಟ್ ಕ್ಯಾಸೆಟ್ ಹಾಕಿ, ಫೋನಲ್ಲಿ ಫ್ರೀಕ್ವೆನ್ಸಿ ತೋರಿಸೋ ಆ್ಯಪ್ ಇಡಿ. ನನ್ನದು 3050 ತೋರಿಸ್ತು, ಅಂದರೆ ಮೂರು ಪರ್ಸೆಂಟ್ ನಿಧಾನ. ಕೇಳೋಕೆ ಸಣ್ಣದು, ಆದರೆ ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರೋ ಅಂತರದಲ್ಲಿ ಇದು ಹತ್ತಿರಹತ್ತಿರ ಅರ್ಧ. ಶ್ರುತಿಪೆಟ್ಟಿಗೆ ಇಟ್ಕೊಂಡು ಕೂತವರಿಗೆ ಸಹಿಸೋಕಾಗಲ್ಲ. ಇಂಥ ಬಹಳಷ್ಟು ಮೋಟರುಗಳಲ್ಲಿ ಈ ತೂತಿನೊಳಗೆ ವೇಗ ತಿದ್ದೋ ಸ್ಕ್ರೂ ಇರುತ್ತೆ, ಕೂದಲೆಳೆಯಷ್ಟು ತಿರುಗಿಸಿದರೆ ಸಾಕು.

ಇಷ್ಟಾದ ಮೇಲೆ ಕಂಪ್ಯೂಟರಿಗೆ ಇಳಿಸಿ. ಮಷೀನಿನ ಇಯರ್‌ಫೋನ್ ಸಾಕೆಟ್ಟಿಂದ ಲೈನ್-ಇನ್‌ಗೆ ವೈರು, ಲೆವೆಲ್ ಕೆಂಪು ಮುಟ್ಟಬಾರದು, ಫೈಲು ವೇವ್ ಆಗಿರಲಿ, ಎಂಪಿ3 ಆಮೇಲೆ ಬೇಕಾದ್ರೆ ಮಾಡ್ಕೊಳ್ಳಿ. ಸಿ-120, ಅಂದರೆ ಎರಡೂ ಕಡೆ ಸೇರಿ 120 ನಿಮಿಷದ ಕ್ಯಾಸೆಟ್ ಇದ್ರೆ ಅದನ್ನ ಎಲ್ಲದಕ್ಕಿಂತ ಕೊನೆಗೆ ಹಾಕಿ. ಅದರ ಟೇಪಿನ ದಪ್ಪ ಸಿ-60ರದ್ದರ ಅರ್ಧ, ರೋಲರ್ ಸ್ವಲ್ಪ ಜಾರಿದರೂ ಸುತ್ತಿಕೊಂಡುಬಿಡುತ್ತೆ.