ಕೊಟ್ಟಿಗೆಗೆ ನೀರಿನ ಬೌಲ್: ದುಡ್ಡು ಎಲ್ಲಿ ಹಾಕಬೇಕು?

ನಮಸ್ಕಾರ ಎಲ್ಲರಿಗೂ. ನೂರು ಭಾಗ ಹಾಲಿನಲ್ಲಿ ಸುಮಾರು 87 ಭಾಗ ನೀರೇ. ಹೆದರಬೇಡಿ, ಅದನ್ನು ನಾವೂ ಸೇರಿಸಿಲ್ಲ, ಡೈರಿಯವರೂ ಸೇರಿಸಿಲ್ಲ. ಹಸುವೇ ಸೇರಿಸಿದ್ದು. ಅದು ಕುಡಿದರೆ ತಾನೇ ಸೇರಿಸುವುದು?

ಈಗ ನೋಡುತ್ತಿರುವುದು ಮಾಲೂರು ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ಕೊಟ್ಟಿಗೆ. ಆರು ಸೀಮೆಹಸು, ಎರಡು ಕರು. ಇಲ್ಲಿಯವರೆಗೆ ನೀರಿನ ವ್ಯವಸ್ಥೆ ಅಂದರೆ ಬಕೆಟ್. ಒಂದೊಂದು ಹಸುವಿಗೆ ಬೆಳಿಗ್ಗೆ ಎರಡು, ಸಂಜೆ ಎರಡು. 15 ಲೀಟರ್ ಬಕೆಟ್, ಅಂದರೆ ದಿನಕ್ಕೆ 60 ಲೀಟರ್. ಕೇಳೋಕೆ ಜಾಸ್ತಿಯೇ ಅನ್ನಿಸುತ್ತದೆ ಅಲ್ವಾ? ಆದರೆ ದಿನಕ್ಕೆ 20 ಲೀಟರ್ ಹಾಲು ಕೊಡುವ ಹಸು ಏಪ್ರಿಲ್ ಬಿಸಿಲಿನಲ್ಲಿ 100 ಲೀಟರ್ ಹತ್ತಿರ ಕುಡಿಯಬಲ್ಲದು. ಆರು ಹಸುವಿಗೆ 24 ಬಕೆಟ್ ಹೊರುವವರು ಚಿಕ್ಕಮ್ಮ. ಕೊಟ್ಟಿಗೆ ಚಿಕ್ಕಪ್ಪನದು ಅಂದೆನಲ್ಲ, ಅದು ಪಹಣಿಯ ಲೆಕ್ಕದಲ್ಲಿ ಮಾತ್ರ.

ಲೀಟರ್ ಲೆಕ್ಕಕ್ಕಿಂತ ದೊಡ್ಡ ತೊಂದರೆ ಹೊತ್ತಿನದು. ಹಸುವಿಗೆ ಜೋರಾಗಿ ಬಾಯಾರುವುದು ಹಾಲು ಕರೆದ ತಕ್ಷಣ, ಆಮೇಲೆ ಮೇವು ತಿಂದ ಬೆನ್ನಿಗೆ. ದಿನದ ನೀರಿನಲ್ಲಿ ದೊಡ್ಡ ಪಾಲು ಆಗಲೇ ಒಳಗೆ ಹೋಗಬೇಕು. ಆ ಹೊತ್ತಿಗೆ ಮನೆಯವರೆಲ್ಲ ಎಲ್ಲಿರುತ್ತಾರೆ? ಕ್ಯಾನ್ ಹಿಡಿದುಕೊಂಡು ಡೈರಿ ಮುಂದೆ ಕ್ಯೂನಲ್ಲಿ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಗಟ್ಟಿ ಅಂಶ) ಎಷ್ಟು ಅಂತ ನೋಡಿಕೊಂಡು, ಎರಡು ಮಾತಾಡಿ ವಾಪಸ್ ಬರುವಷ್ಟರಲ್ಲಿ ಆ ಬಾಯಾರಿಕೆಯ ಹೊತ್ತು ಕಳೆದಿರುತ್ತದೆ. ತಾನಾಗಿಯೇ ತುಂಬಿಕೊಳ್ಳುವ ನೀರಿನ ಬೌಲ್ ಹಾಕಿಸಲು ಇದೊಂದೇ ಕಾರಣ ಸಾಕು.

ಅಂಗಡಿಗೆ ಹೋದರೆ ಎರಡು ಥರದ ಬೌಲ್ ತೋರಿಸುತ್ತಾರೆ. ಒಂದರಲ್ಲಿ ಒಳಗೆ ಒಂದು ನಾಲಿಗೆ ಇರುತ್ತದೆ. ಹಸು ಮೂಗಿನಿಂದ ಅದನ್ನು ಒತ್ತಿದರೆ ನೀರು ಬರುತ್ತದೆ. ನೋಡೋಕೆ ಬಹಳ ಚೆಂದ. ವಿಡಿಯೋಗೂ ಚೆಂದ. ಆದರೆ ಅದಕ್ಕೆ ಪ್ರೆಷರ್ ಬೇಕು. ನೀರು 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಪ್ರೆಷರ್. ನಮ್ಮ ಟ್ಯಾಂಕ್ ಇರುವುದು ಹತ್ತು ಅಡಿ ಎತ್ತರದಲ್ಲಿ, ಅಂದರೆ ಮೂರನೇ ಒಂದು ಭಾಗವೂ ಸರಿಯಾಗಿ ಸಿಗುವುದಿಲ್ಲ. ಹಸು ಬಾಯಿಟ್ಟರೆ ನಿಮಿಷಕ್ಕೆ 10 ಲೀಟರ್ ಮೇಲೆ ಹೀರುತ್ತದೆ. ಬೌಲ್‌ಗೆ ಬರುವುದು ಎರಡು ಮೂರು ಲೀಟರ್ ಆದರೆ ಅದು ಬೇಸತ್ತು ಮುಖ ತಿರುಗಿಸುತ್ತದೆ. ನಾವು ಮಾತ್ರ ಬೌಲ್ ಇದೆಯಲ್ಲ, ಕುಡಿದಿರುತ್ತದೆ ಅಂದುಕೊಂಡು ಸುಮ್ನೆ ಇರುತ್ತೇವೆ. ಕೊಳ್ಳುವ ಮೊದಲೇ ಪೈಪ್ ಬಾಯಿಗೆ ಒಂದು ಬಕೆಟ್ ಇಟ್ಟು, ಫೋನಿನಲ್ಲಿ ಟೈಮ್ ನೋಡಿ. ಹತ್ತು ರೂಪಾಯಿ ಖರ್ಚಿಲ್ಲದ ಪರೀಕ್ಷೆ.

ನಾವು ಹಾಕಿದ್ದು ಎರಡನೆಯದು, ಲೆವೆಲ್ ಸಿಸ್ಟಮ್. ಇಲ್ಲಿ ನೋಡಿ, ಮೂಲೆಯಲ್ಲಿ ಒಂದು ಚಿಕ್ಕ ತೊಟ್ಟಿ. ಅದರಲ್ಲಿ ಫ್ಲೋಟ್ ಬಾಲ್. ಅಲ್ಲಿಂದ ಗೋದಲಿಯ ಉದ್ದಕ್ಕೂ ಒಂದೇ ಪೈಪ್, ಎರಡು ಹಸುವಿನ ನಡುವೆ ಒಂದು ಬೌಲ್. ತೊಟ್ಟಿಯಲ್ಲಿ ನೀರು ಎಷ್ಟು ಎತ್ತರದಲ್ಲಿದೆಯೋ ಎಲ್ಲ ಬೌಲ್‌ನಲ್ಲೂ ಅಷ್ಟೇ. ಹಸು ಕುಡಿದಂತೆ ತೊಟ್ಟಿಯಲ್ಲಿ ನೀರು ಇಳಿಯುತ್ತದೆ, ಬಾಲ್ ಇಳಿಯುತ್ತದೆ, ಹೊಸ ನೀರು ಬರುತ್ತದೆ. ಹಸುವಿಗೆ ಏನೂ ಕಲಿಸಬೇಕಿಲ್ಲ.

ಪ್ಲಂಬರ್ ಅಣ್ಣ ಬಂದವರೇ ಟೇಪ್ ಹಿಡಿದು ನೆಲದಿಂದ ಎರಡೂಕಾಲು ಅಡಿ ಅಂತ ಎಲ್ಲ ಕಂಬಕ್ಕೂ ಗುರುತು ಹಾಕೋಕೆ ಶುರು ಮಾಡಿದರು. ಅಷ್ಟರಲ್ಲಿ ಚಿಕ್ಕಪ್ಪ ತಡೆದರು. "ಅಯ್ಯೋ ಇರಪ್ಪ, ಗಂಜಲ ಹರಿಯಲಿ ಅಂತ ನೆಲಕ್ಕೇ ವಾಟ ಕೊಟ್ಟಿದೀವಿ. ನೆಲ ನಂಬಬೇಡ." ನೂರಕ್ಕೆ ನೂರು ಸರಿ. ಕೊಟ್ಟಿಗೆಯ ನೆಲ ಯಾವತ್ತೂ ಸಮ ಇರುವುದಿಲ್ಲ, ಇರಬಾರದು ಕೂಡ. ನೆಲದಿಂದ ಅಳೆದು ಬೌಲ್ ಕಟ್ಟಿದರೆ ಕೆಳಗಿನ ತುದಿಯ ಬೌಲ್ ರಾತ್ರಿಯೆಲ್ಲ ತುಂಬಿ ಹರಿಯುತ್ತದೆ, ಮೇಲಿನದು ಅರ್ಧ ಖಾಲಿ. ಹರಿದ ನೀರಿಗೆ ನೆಲ ಒದ್ದೆ. ಒದ್ದೆ ನೆಲದಲ್ಲಿ ಮಲಗಿದ ಹಸುವಿಗೆ ಗೊರಸಿನ ಕಾಯಿಲೆ, ಕೆಚ್ಚಲು ಬಾವು ಎರಡೂ ಹತ್ತಿರ.

ಆಮೇಲೆ ಗಾರೆ ಕೆಲಸದವರ ಲೆವೆಲ್ ಪೈಪ್ ತರಿಸಿದೆವು. ತೆಳ್ಳಗಿನ ಟ್ರಾನ್ಸ್‌ಪರೆಂಟ್ ಪೈಪ್, ಒಳಗೆ ನೀರು. ಒಂದು ತುದಿ ತೊಟ್ಟಿಯ ಹತ್ತಿರ ನಾನು ಹಿಡಿದೆ, ಇನ್ನೊಂದು ತುದಿ ಅಣ್ಣ ಕಂಬದಿಂದ ಕಂಬಕ್ಕೆ ಒಯ್ದು ಗುರುತು ಹಾಕಿದರು. ಒಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಪೈಪನ್ನು ಆಗಾಗ ಬೆರಳಿನಿಂದ ತಟ್ಟುತ್ತಿರುವುದು. ಮಟ್ಟ ಸಿಕ್ಕ ಮೇಲೆ ಎತ್ತರ ನೋಡಿ. ಮುಂಗಾಲು ಇಡುವ ಜಾಗದಿಂದ ಬೌಲ್ ಅಂಚು ಎರಡರಿಂದ ಎರಡೂವರೆ ಅಡಿ ಒಳಗೆ ಬಂದರೆ ಸಾಕು.

ಪೈಪ್ ವಿಷಯದಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ. ಈ ಸಿಸ್ಟಮ್‌ನಲ್ಲಿ ನೀರನ್ನು ತಳ್ಳುವುದು ಒಂದೆರಡು ಇಂಚಿನ ಎತ್ತರದ ವ್ಯತ್ಯಾಸ ಅಷ್ಟೇ. ಅದಕ್ಕೇ ದಪ್ಪ ಪೈಪ್ ಬೇಕು. ಒಂದು ಇಂಚಿನ ಜಾಗದಲ್ಲಿ ಅರ್ಧ ಇಂಚು ಹಾಕಿದರೆ ನೀರು ಅರ್ಧ ಆಗುತ್ತದೆ ಅಂದುಕೊಳ್ಳುತ್ತಾರೆ. ಆದರೆ ಪೈಪಿನ ಬಾಯಿ ಕಾಲು ಭಾಗಕ್ಕೆ ಇಳಿಯುತ್ತದೆ, ಒಳಗಿನ ಉಜ್ಜಾಟದಿಂದ ನೀರು ಅದಕ್ಕಿಂತಲೂ ಕಡಿಮೆ ಬರುತ್ತದೆ. ನಾವು ಹಾಕಿದ್ದು ಎರಡು ಇಂಚು ಪಿವಿಸಿ. ಬೌಲ್ ಸ್ಟೀಲಿನದೇ ಆಗಬೇಕು, ಹೊಳೆಯಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ: ಆ ದುಡ್ಡನ್ನು ಪೈಪಿಗೆ, ವಾಲ್ವ್‌ಗೆ ಹಾಕಿ. ಪ್ರತಿ ಬೌಲ್‌ಗೂ ಒಂದು ವಾಲ್ವ್ ಇರಲಿ. ಲೈನ್ ಕೊನೆಯಲ್ಲಿ ಇನ್ನೊಂದು. ಯಾಕೆ ಅಂದರೆ ಈ ಸಿಸ್ಟಮ್‌ನ ದೊಡ್ಡ ದೋಷ ಎಂಜಲು. ಎಲ್ಲ ಬೌಲ್ ಒಂದಕ್ಕೊಂದು ಸೇರಿರುತ್ತವೆ. ಒಂದು ಹಸುವಿಗೆ ಜ್ವರ ಬಂದರೆ, ಬಾಯಿಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅದರ ಬೌಲ್ ಮೊದಲು ಬಂದ್ ಮಾಡಬೇಕು. ಆ ಬೌಲ್ ನಂಬಿಕೊಂಡಿರುವ ಎರಡು ಹಸುವಿಗೂ ಅಷ್ಟು ದಿನ ಬಕೆಟ್ಟೇ. ಕೊನೆಯ ವಾಲ್ವ್ ತೆಗೆದರೆ ಒಳಗೆ ಕೂತ ಮೇವಿನ ಚೂರು ಕೊಚ್ಚಿಕೊಂಡು ಹೋಗುತ್ತದೆ. ತೊಟ್ಟಿಯ ಒಳಗೆ ಸುಣ್ಣ ಬಳಿಯುವ ಹಳೇ ಪದ್ಧತಿ ಇದೆಯಲ್ಲ, ಅದನ್ನು ಬಿಟ್ಟಿಲ್ಲ. ಪಾಚಿ ಕಡಿಮೆ ಆಗುತ್ತದೆ.

ಕೋಲಾರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುವುದು ಹೊಸದೇನಲ್ಲ. ನಮ್ಮ ಬೋರಿನ ನೀರು ಗಡಸು, ಮನೆಯ ಪಾತ್ರೆಯಲ್ಲೇ ಬಿಳಿ ಉಪ್ಪು ಕಟ್ಟುತ್ತದೆ. ಅದೇ ಉಪ್ಪು ಫ್ಲೋಟ್ ವಾಲ್ವ್‌ನ ಸಣ್ಣ ತೂತಿನಲ್ಲೂ ಕಟ್ಟುತ್ತದೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಮರಳಿಗೆ, ಚೂರಿಗೆ ಹಳೇ ಡ್ರಿಪ್‌ನ ಫಿಲ್ಟರ್ ಮನೆಯಲ್ಲೇ ಬಿದ್ದಿತ್ತು, ಅದನ್ನೇ ಸಿಕ್ಕಿಸಿದ್ದೇವೆ. ಇನ್ನು ಕರೆಂಟ್. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಅಂತ ಸರ್ಕಾರದ ಮಾತು. ಯಾವ 7 ಗಂಟೆ ಅನ್ನುವುದು ಬೇರೆ ಕಥೆ. ಅದಕ್ಕೇ 1000 ಲೀಟರ್ ಟ್ಯಾಂಕ್. ಟ್ಯಾಂಕ್‌ನಿಂದ ಕೊಟ್ಟಿಗೆಗೆ ಬರುವ ಪೈಪ್ ನೆಲದೊಳಗೆ ಹೂತಿದೆ. ಬಿಸಿಲಿಗೆ ಬಿಟ್ಟ ಪೈಪಿನಲ್ಲಿ ಮಧ್ಯಾಹ್ನ ಬರುವುದು ಸ್ನಾನದ ನೀರು! ಹಿಮ ಬೀಳುವ ದೇಶಗಳಲ್ಲೂ ಆಳಕ್ಕೆ ಹೂಳುತ್ತಾರೆ, ಅಲ್ಲಿ ನೀರು ಹೆಪ್ಪುಗಟ್ಟಬಾರದು ಅಂತ.

ಕರೆಂಟಿನ ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಬೌಲ್ ಲೋಹದ್ದಾಗಿದ್ದು, ಎಲ್ಲೋ ಮೋಟಾರ್ ವೈರ್ ಲೀಕ್ ಆಗುತ್ತಿದ್ದರೆ, ನಮಗೆ ತಿಳಿಯದಷ್ಟು ಸಣ್ಣ ಶಾಕ್ ಹಸುವಿನ ಒದ್ದೆ ಮೂಗಿಗೆ ಹೊಡೆಯುತ್ತದೆ. ಕೆಲವೇ ವೋಲ್ಟ್ ಸಾಕು. ಹಸು ಬೌಲ್ ಹತ್ತಿರ ಬಂದು, ಮೂಗು ತಾಗಿಸಿ, ಹಿಂದೆ ಸರಿದರೆ ನೀರನ್ನು ಬೈಯಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ಎಲ್ಲ ಮುಗಿದು ನೀರು ಬಿಟ್ಟೆವು. ಹಸುಗಳು ಮೂಸಿದವು. ಕುಡಿಯಲಿಲ್ಲ! ಚಿಕ್ಕಮ್ಮ ಬಾಗಿಲಲ್ಲಿ ನಿಂತು ನಕ್ಕರು. "ಬರೀ ನೀರು ಯಾವಾಗ ಕುಡಿದಿದಾವೆ ಅವು? ಒಂದು ಹಿಡಿ ಬೂಸಾ ಕದಡದೆ ಬಕೆಟ್ ಇಟ್ಟಿಲ್ಲ ನಾನು." ನಮ್ಮ ಕಡೆ ಕೊಟ್ಟಿಗೆಗಳಲ್ಲಿ ಇದು ಮಾಮೂಲಿ, ಬೂಸಾ ನೀರು, ಇಲ್ಲ ಅಡಿಗೆಮನೆಯ ಕಲಗಚ್ಚು. ಬೌಲ್‌ಗೆ ಬೂಸಾ ಹಾಕುವಂತಿಲ್ಲ, ಪೈಪಿನೊಳಗೆ ಹುಳಿಯುತ್ತದೆ. ಹಾಗಾಗಿ ಚಿಕ್ಕಮ್ಮನೇ ದಾರಿ ಹುಡುಕಿದರು. ಬಕೆಟ್‌ನಲ್ಲಿ ಬೂಸಾ ದಿನದಿಂದ ದಿನಕ್ಕೆ ಕಡಿಮೆ ಮಾಡಿ, ಆ ಬೂಸಾವನ್ನು ಗೋದಲಿಯಲ್ಲೇ ಮೇವಿನ ಜೊತೆ ಕಲಸಿ ಕೊಟ್ಟರು. ಒಣ ತಿಂಡಿ ತಿಂದ ಹಸುವಿಗೆ ನೀರು ಬೇಕೇ ಬೇಕಲ್ಲ. ಈಗ ನೋಡಿ, ಆ ಕಪ್ಪು ಬಿಳಿ ಹಸು ಹೇಗೆ ಮುಖ ಅದ್ದಿದೆ!

ಕುದುರೆಗೂ ಇದೇ ಹಾಕಬಹುದಾ ಅಂತ ಕೇಳುತ್ತೀರಿ. ಹಾಕುತ್ತಾರೆ. ಈ ಕ್ಲಿಪ್ ಬೆಂಗಳೂರಿನ ಹೊರಗೆ ನನ್ನ ಗೆಳೆಯ ಕೆಲಸ ಮಾಡುವ ಲಾಯದ್ದು. ಅಲ್ಲಿ ಒಂದೊಂದು ಕುದುರೆಗೆ ಬೇರೆ ಬೇರೆ ಬೌಲ್, ಹುಲ್ಲಿನ ಮೂಲೆಯಿಂದ ದೂರ. ಹತ್ತಿರ ಇದ್ದರೆ ಕುದುರೆ ಹುಲ್ಲನ್ನು ನೀರಿನಲ್ಲಿ ಅದ್ದಿ ಕೊಳೆ ಮಾಡುತ್ತದೆ. ಅಂಚು ಚೂಪಾಗಿರಬಾರದು. ಕೆಲವು ಕುದುರೆ ವಾಲ್ವ್‌ನ ಬುಸ್ ಸದ್ದಿಗೇ ಬೆಚ್ಚುತ್ತವೆ. ಇಷ್ಟನ್ನೂ ಸರಿಮಾಡಬಹುದು. ನನಗೆ ಅಳುಕು ಇರುವುದು ಬೇರೆ ವಿಷಯಕ್ಕೆ. 500 ಕೆಜಿ ತೂಗುವ ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಬೆವರಿದ ದಿನ ಇನ್ನೂ ಜಾಸ್ತಿ. ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. ಕೋಲಿಕ್ ಅಂತಾರೆ, ಪ್ರಾಣಕ್ಕೇ ಬರಬಹುದು. ಬಕೆಟ್ ಇದ್ದಾಗ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಬೆಳಿಗ್ಗೆ ಬಗ್ಗಿ ನೋಡಿದರೆ ರಾತ್ರಿ ಎಷ್ಟು ಕುಡಿದಿದೆ ಅಂತ ಗೊತ್ತಾಗುತ್ತಿತ್ತು. ಬೌಲ್ ಯಾವಾಗಲೂ ತುಂಬಿರುತ್ತದೆ, ಏನೂ ಹೇಳುವುದಿಲ್ಲ. ಅದಕ್ಕೆ ಆ ಲಾಯದಲ್ಲಿ ಪ್ರತಿ ಲೈನ್‌ಗೆ ಚಿಕ್ಕ ವಾಟರ್ ಮೀಟರ್ ಇದೆ. ಕಾಯಿಲೆಯಿಂದ ಎದ್ದ ಕುದುರೆಗೆ ಬೌಲ್ ಬಂದ್, ಮತ್ತೆ ಬಕೆಟ್. ಒಳ್ಳೆಯ ಕ್ರಮ. ನಾವೂ ಕೊಟ್ಟಿಗೆಗೆ ಬರುವ ಮುಖ್ಯ ಪೈಪಿಗೆ ಒಂದು ಮೀಟರ್ ಹಾಕಿದ್ದೇವೆ. ಯಾವ ಹಸು ಅಂತ ಅದು ಹೇಳುವುದಿಲ್ಲ. ನಿನ್ನೆಗಿಂತ ಕಡಿಮೆಯಾಗಿದೆ ಅಂತ ಹೇಳುತ್ತದೆ, ಆಮೇಲೆ ಹುಡುಕುವುದು ನಮ್ಮ ಕೆಲಸ.

ಉಳಿದಿದ್ದು ಕರುಗಳು. ಹಾಲು ಕುಡಿಯುತ್ತವಲ್ಲ, ನೀರು ಯಾಕೆ ಅಂತ ಚಿಕ್ಕಪ್ಪನ ವಾದ. ಕರು ಕುಡಿದ ಹಾಲು ಮೊದಲ ಹೊಟ್ಟೆಗೆ ಹೋಗುವುದಿಲ್ಲ, ಅದನ್ನು ದಾಟಿ ನೇರವಾಗಿ ನಾಲ್ಕನೆಯದಕ್ಕೆ ಹೋಗುತ್ತದೆ. ಮೊದಲ ಹೊಟ್ಟೆ ಬೆಳೆದು ಮೇವು ಅರಗಿಸಲು ಬರೀ ನೀರು ಬೇರೆಯಾಗಿಯೇ ಬೇಕು. ಅವಕ್ಕೆ ಬೌಲ್ ತಗ್ಗಿನಲ್ಲಿರಬೇಕು, ದೊಡ್ಡ ಹಸುಗಳ ಎಂಜಲು ಆ ಕಡೆ ಬರಬಾರದು. ಅದಕ್ಕೆ ಟ್ಯಾಂಕ್‌ನಿಂದಲೇ ಇನ್ನೊಂದು ಪೈಪ್ ಎಳೆದು, ಸದ್ಯಕ್ಕೆ ಬಾಯಿಗೆ ಎಂಡ್ ಕ್ಯಾಪ್ ಹಾಕಿ ಬಿಟ್ಟಿದ್ದೇವೆ. ಬೌಲ್ ಇನ್ನೂ ಬರಬೇಕು.