ರೆಕ್ಕೆ ಬದ್ಲು ಆರು ಕೊಳವೆ: ಮನೇಲಿ ಮಾಡಿದ ಟ್ಯೂಬ್ ಫಿನ್ ರಾಕೆಟ್

ನಮಸ್ಕಾರ, ವಿಡಿಯೋ ಮುಂದಕ್ಕೆ ಹೋಗೋ ಮುಂಚೆ ಒಂದು ಕೆಲ್ಸ ಮಾಡಿ, ಒಂದೇ ಥರದ ಏಳು ಕಾಯಿನ್ ಇದ್ರೆ ತಗೊಂಡು ಬನ್ನಿ. ಒಂದನ್ನ ಟೇಬಲ್ ಮಧ್ಯ ಇಟ್ಟು ಉಳಿದ ಆರನ್ನ ಅದರ ಸುತ್ತ ಜೋಡ್ಸಿ. ನೋಡಿದ್ರಾ, ಸಂದಿನೂ ಇಲ್ಲ, ಇಕ್ಕಟ್ಟೂ ಇಲ್ಲ, ಆರೂ ಮಧ್ಯದ್ದನ್ನ ಮುಟ್ಕೊಂಡು ಅಕ್ಕಪಕ್ಕದ್ದನ್ನೂ ಮುಟ್ಕೊಂಡು ಅಚ್ಚುಕಟ್ಟಾಗಿ ಕೂತ್ಬಿಡ್ತವೆ. ಒಂದ್ರೂಪಾಯಿ ಆಗ್ಲಿ ನಮ್ಮ ಅಮೆರಿಕದ ಕ್ವಾರ್ಟರ್ ಆಗ್ಲಿ, ಸೈಜ್ ಒಂದೇ ಇದ್ರೆ ಆಯ್ತು. ಇವತ್ತು ಮಾಡ್ತಿರೋ ರಾಕೆಟ್‌ನ ಪೂರ್ತಿ ಗುಟ್ಟು ಇಷ್ಟೇ.

ಮಾಮೂಲಿ ಮಾಡೆಲ್ ರಾಕೆಟ್‌ಗೆ ಬಾಲ್ಸಾ ಮರದ ಶೀಟ್‌ನಲ್ಲಿ ಮೂರೋ ನಾಕೋ ಫಿನ್, ಅಂದ್ರೆ ಬಾಲದ ರೆಕ್ಕೆ, ಕಟ್ ಮಾಡ್ಬೇಕು, ಮರದ ಎಳೆ ಯಾವ ಕಡೆ ಹೋಗಿದೆ ನೋಡ್ಬೇಕು, ಅಂಚು ಉಜ್ಜಬೇಕು, ಆಮೇಲೆ ಅಷ್ಟನ್ನೂ ಸಮ ದೂರದಲ್ಲಿ ನೆಟ್ಟಗೆ ಅಂಟಿಸ್ಬೇಕು, ಒಂದು ಸ್ವಲ್ಪ ಓರೆ ಆದ್ರೂ ಮೇಲೆ ಹೋಗ್ತಾ ತಿರುಗೋಕೆ ಶುರು. ಟ್ಯೂಬ್ ಫಿನ್‌ನಲ್ಲಿ ಆ ತಲೆನೋವೇ ಇಲ್ಲ. ರಾಕೆಟ್ ಬಾಡಿಗೆ ಯಾವ ಟ್ಯೂಬೋ ಫಿನ್‌ಗೂ ಅದೇ ಟ್ಯೂಬು, ಆರು ತುಂಡು ಕತ್ತರಿಸಿ ಸುತ್ತ ಅಂಟಿಸಿದ್ರೆ ಒಂದನ್ನೊಂದು ಒತ್ಕೊಂಡು ತಾವೇ ಜಾಗಕ್ಕೆ ಬರ್ತವೆ, ಅಳತೆ ಪಟ್ಟಿ ಕೂಡ ಬೇಡ.

ನಾವಿರೋದು ಟೆಕ್ಸಾಸ್‌ನಲ್ಲಿ, ಊರು ಪಾಂಡವಪುರದ ಹತ್ರ, ಈಗ ಅಪ್ಪ ಬಂದಿದಾರೆ. ಡೈನಿಂಗ್ ಟೇಬಲ್ ಮೇಲೆ ಇದನ್ನ ನೋಡಿದವರು "ಏನೋ ಇದು, ಒಲೆ ಊದೋ ಊದುಗೊಳವೆ ಎಲ್ಲ ಸೇರ್ಸಿ ಕಟ್ಟಿದಂಗಿದೆ, ಇದು ಹಾರತ್ತೇನೋ?" ಅಂದ್ರು. ಹಾರತ್ತಪ್ಪ, ನೋಡ್ತಿರಿ ಅಂದೆ.

ಸರಿ, ಸಾಮಾನು. ತಗೊಂಡಿರೋದು ಬಿಟಿ-55 ಅನ್ನೋ ಪೇಪರ್ ಟ್ಯೂಬ್, ಹೊರಗಿನ ವ್ಯಾಸ 33.7 ಮಿಲಿಮೀಟರ್, 18 ಇಂಚು ಉದ್ದ. ಎರಡು ಬೇಕು, ಒಂದು ಹಾಗೇ ಬಾಡಿ ಆಗತ್ತೆ, ಇನ್ನೊಂದ್ರಲ್ಲಿ ಫಿನ್. ಗಿಫ್ಟ್ ಪೇಪರ್ ಸುತ್ತಿ ಬರೋ ರಟ್ಟಿನ ಕೊಳವೆನೂ ಆಗತ್ತೆ, ಆದ್ರೆ ಅದು ತೂಕ ಜಾಸ್ತಿ. ನೋಸ್ ಕೋನ್, ಅಂದ್ರೆ ಚೂಪು ಮೂತಿ, ಇಲ್ಲಿನ ಲೈಬ್ರರಿಲಿರೋ 3ಡಿ ಪ್ರಿಂಟರ್‌ನಲ್ಲಿ ಮಾಡಿಸ್ಕೊಂಡೆ. ಪ್ಯಾರಾಚೂಟ್ ಅಮ್ಮ ಯಾವತ್ತೋ ಉಪ್ಪಿನಕಾಯಿ ಡಬ್ಬಿ ಸುತ್ತಿ ಕಳ್ಸಿದ್ದ ಸೀರೆ ಅಂಗಡಿ ಕವರು, ಒಳ್ಳೆ ಅರಿಶಿನ ಬಣ್ಣ, ಆಕಾಶದಲ್ಲಿ ಚೆನ್ನಾಗಿ ಕಾಣತ್ತೆ. 30 ಸೆಂಟಿಮೀಟರ್ ಅಗಲಕ್ಕೆ ಎಂಟು ಮೂಲೆ ಬರೋ ಹಾಗೆ ಕತ್ತರಿಸಿ, ಮೂಲೆಗೊಂದು ದಾರ, ಅಷ್ಟೇ.

ಕತ್ತರಿಸೋದನ್ನ ಹತ್ರದಿಂದ ತೋರಿಸ್ತೀನಿ, ಯಾಕಂದ್ರೆ ಇಲ್ಲಿ ಹದ ತಪ್ಪಿದ್ರೆ ಫಿನ್ ಪೂರ್ತಿ ಹದಗೆಡತ್ತೆ. ನೇರ ಅಂಚಿರೋ ಒಂದು ಕಾಗದ ತಗೊಂಡು ಟ್ಯೂಬ್ ಸುತ್ತ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೀರಿ, ಒಳಗೆ ಕಪ್ಲರ್, ಅಂದ್ರೆ ಟ್ಯೂಬೊಳಗೆ ಸರಿಯಾಗಿ ಕೂರೋ ಜೋಡಣೆ ಕೊಳವೆ, ಅದರ ತುಂಡು ತೂರ್ಸಿ, ಇಲ್ದಿದ್ರೆ ಬ್ಲೇಡ್ ಒತ್ತಿದ ತಕ್ಷಣ ಅಪ್ಪಚ್ಚಿ ಆಗತ್ತೆ. ಹೊಸ ಬ್ಲೇಡ್ ಹಾಕ್ಕೊಳ್ಳಿ. ಒಂದೇ ಏಟಿಗೆ ಕಡಿಯೋಕೆ ಹೋಗ್ಬೇಡಿ, ಬ್ಲೇಡ್ ಹಗುರವಾಗಿ ತಾಗಿಸಿ ಟ್ಯೂಬನ್ನ ತಿರುಗಿಸ್ತಾ ಹೋಗಿ, ನಾಕೈದು ಸುತ್ತಿಗೆ ತಾನೇ ಬಿಟ್ಕೊಳ್ಳತ್ತೆ. ನಾನಿಟ್ಟ ಉದ್ದ 45 ಮಿಲಿಮೀಟರ್. ತೀರ ಉದ್ದ ಮಾಡಿದ್ರೆ ಒಳಗಿನ ಗೋಡೆಗೂ ಗಾಳಿ ಉಜ್ಕೊಂಡು ಹೋಗ್ಬೇಕಲ್ಲ, ಸುಮ್ನೆ ಡ್ರ್ಯಾಗ್, ಅಂದ್ರೆ ಗಾಳಿ ತಡೆ. ಆರೂ ಆದ್ಮೇಲೆ ಸಪಾಟಾದ ಗ್ಲಾಸ್ ಮೇಲೆ ಉಜ್ಜೋ ಕಾಗದ ಇಟ್ಟು ತುದಿ ಎರಡೆರಡು ಸಲ ತಿರುವಿ, ಒಟ್ಟಿಗೆ ನಿಲ್ಸಿ, ತಲೆ ಮೇಲೆ ಸ್ಕೇಲ್ ಇಡಿ, ಆಡಬಾರ್ದು.

ಈ ಟ್ಯೂಬ್ ಹೊರಗಡೆ ಹೊಳೀತಿದೆ ನೋಡಿ, ಅದೊಂದು ನುಣುಪಾದ ಕಾಗದದ ಪದರ, ಅದರ ಮೇಲೆ ಗೋಂದು ಹಿಡಿಯಲ್ಲ. ಎಲ್ಲೆಲ್ಲಿ ಟ್ಯೂಬಿಗೆ ಟ್ಯೂಬ್ ತಾಗತ್ತೋ ಅಲ್ಲೊಂದು ಸಣ್ಣ ಪಟ್ಟಿ ಉಜ್ಜಿ ತೆಗೀರಿ. ಆಮೇಲೆ ಹಳದಿ ವುಡ್ ಗ್ಲೂ ಎರಡೂ ಕಡೆ ತೆಳ್ಳಗೆ ಸವರಿ, ಸ್ವಲ್ಪ ಅಂಟಂಟು ಆಗೋವರ್ಗೂ ಬಿಟ್ಟು, ಮತ್ತೊಂದು ಗೆರೆ ಹಾಕಿ ಒತ್ತಿ. ಕಾಗದ ಹರಿದು ಬಂದೀತು, ಅಂಟು ಬಿಡಲ್ಲ. ಗೋಂದು ಹಾಕೋ ಮುಂಚೆ ಆರನ್ನೂ ರಬ್ಬರ್ ಬ್ಯಾಂಡ್ ಹಾಕಿ ಹಾಗೇ ಒಂದ್ಸಲ ಕೂರಿಸಿ ನೋಡಿ. ಆರನೇದು ಸ್ವಲ್ಪ ಬಿಗಿಯಾಗಿ ಟಕ್ ಅಂತ ಕೂತ್ಕೊಳ್ಳೋ ಆ ಸೌಂಡ್ ಇದ್ಯಲ್ಲ, ಅದಕ್ಕೋಸ್ಕರ ಮೈಕ್ ಹತ್ರ ಇಟ್ಟಿದೀನಿ, ಕೇಳಿ.

ಬಾಡಿಗೂ ಎರಡು ಫಿನ್ ಟ್ಯೂಬಿಗೂ ನಡುವೆ ಮೂರು ಮೂಲೆಯ ಸಣ್ಣ ಸಂದು ಉಳಿಯತ್ತೆ ನೋಡಿ. ಈ ಸೈಜಿಗೆ ಅದರಲ್ಲಿ ಸುಮಾರು 5 ಮಿಲಿಮೀಟರ್ ದುಂಡಗಿನ ಕಡ್ಡಿ ಹೋಗತ್ತೆ. ಲಾಂಚ್ ಲಗ್ ಅಂದ್ರೆ ಉಡಾವಣಾ ಕಂಬಿ ತೂರಿಸೋ ಪುಟ್ಟ ನಳಿಗೆ, ಅದು ದಪ್ಪ 4 ಮಿಲಿಮೀಟರ್. ಅದನ್ನ ಆ ಸಂದಲ್ಲೇ ಬಾಡಿಗೆ ಅಂಟಿಸಿಬಿಟ್ರೆ ಹೊರಗಡೆ ಏನೂ ಕಾಣಲ್ಲ. ಮೇಲ್ಗಡೆ ಇನ್ನೊಂದು, ಅದೇ ನೇರಕ್ಕೆ. ಇದಕ್ಕಿಂತ ಸಣ್ಣ ಬಿಟಿ-50 ಟ್ಯೂಬ್ ತಗೊಂಡ್ರೆ ಸಂದು 4 ಮಿಲಿಮೀಟರ್‌ಗಿಂತ ಕಮ್ಮಿ ಆಗ್ಬಿಡತ್ತೆ, ಲಗ್ ತೂರಲ್ಲ, ಅದಕ್ಕೇ ನಾನು 55 ಹಿಡಿದಿದ್ದು.

ಈಗ ಮೋಟರ್, ಇಲ್ಲಿ ಮಾತ್ರ ನಾನು ಸ್ಟ್ರಿಕ್ಟು. ಮನೇಲಿ ಮಾಡಿದ ರಾಕೆಟ್ ಅಂದ್ರೆ ಮೋಟರ್ ಬಿಟ್ಟು ಮಿಕ್ಕಿದ್ದೆಲ್ಲ ಮನೇದು. ಪಟಾಕಿ ಬಿಚ್ಚಿ ಮದ್ದು ತುಂಬೋದು, ಸಕ್ಕರೆ ಕಾಯಿಸಿ ಅದೇನೋ ಬೆರೆಸೋದು, ಆ ವಿಡಿಯೋ ಎಲ್ಲ ನೋಡಿ ಕೈ ಹಾಕ್ಬೇಡಿ, ಬೆರಳು ಹೋಗತ್ತೆ. ಈ ಹವ್ಯಾಸ ಹುಟ್ಟಿದ್ದೇ ಆ ಅಪಾಯ ತಪ್ಸೋಕೆ. 1954ರಲ್ಲಿ ನೆಬ್ರಾಸ್ಕದ ನಾರ್ಫೋಕ್‌ನಲ್ಲಿ ಶೂ ಅಂಗಡಿ ಇಟ್ಕೊಂಡಿದ್ದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿ ಹುಚ್ಚು, ಅವರ ಸಹೋದರ ರಾಬರ್ಟ್‌ಗೆ ಮಾಡೆಲ್ ವಿಮಾನದ ಹುಚ್ಚು, ಇಬ್ರೂ ಸೇರಿ ರೆಡಿಮೇಡ್ ಮೋಟರ್ ಬದಲಾಯಿಸಿ ಮತ್ತೆ ಮತ್ತೆ ಹಾರಿಸೋ ಕಾಗದದ ರಾಕೆಟ್ ಮಾಡಿದ್ರು. ಆಗ ಹುಡುಗ್ರು ಮನೇಲೇ ಮದ್ದು ಅರೆದು ಸುಟ್ಕೊಳ್ತಿದ್ದ ಕಾಲ. 1957ರಲ್ಲಿ ಹ್ಯಾರಿ ಸ್ಟೈನ್ ಅನ್ನೋ ಎಂಜಿನಿಯರ್ ಅದರ ಅಪಾಯದ ಬಗ್ಗೆ ಲೇಖನ ಬರೆದಾಗ ಕಾರ್ಲೈಲ್ ತಮ್ಮ ರಾಕೆಟ್ಟನ್ನೇ ಅವರಿಗೆ ಕಳ್ಸಿದ್ರು. ಆಮೇಲೆ ವರ್ನ್ ಎಸ್ಟಿಸ್ ಅನ್ನೋರು ಮೋಟರ್ ಒತ್ತೋಕೆ ಒಂದು ಮೆಷಿನ್ನೇ ಕಟ್ಟಿ ಅದಕ್ಕೆ ಮೇಬಲ್ ಅಂತ ಹೆಸರಿಟ್ರು. ಇವತ್ತು ಇಲ್ಲಿ ಆಟದ ಸಾಮಾನಿನ ಅಂಗಡೀಲಿ ಸಿಗೋ ಮೋಟರೂ ಅದೇ ವಂಶದ್ದು.

ನಾನು ಹಾಕ್ತಿರೋದು ಸಿ6-3. ಸಿ ಅಂದ್ರೆ ಒಟ್ಟು ತಾಕತ್ತು 5ರಿಂದ 10 ನ್ಯೂಟನ್-ಸೆಕೆಂಡ್ ಒಳಗೆ, ಒಂದೊಂದು ಅಕ್ಷರ ಮುಂದೆ ಹೋದ್ರೂ ಮಿತಿ ಡಬಲ್. 6 ಅಂದ್ರೆ ಸರಾಸರಿ ತಳ್ಳೋ ಬಲ 6 ನ್ಯೂಟನ್. ಕೊನೇ 3 ಮುಖ್ಯ, ಮದ್ದು ಉರಿದು ಮುಗಿದ್ಮೇಲೆ 3 ಸೆಕೆಂಡ್ ಬರೀ ಹೊಗೆ ಬಿಡ್ತಾ ಏರತ್ತೆ, ಆಮೇಲೆ ಮುಂದ್ಗಡೆಗೆ ಪಟ್ ಅಂತ ಸಿಡಿದು ಪ್ಯಾರಾಚೂಟ್ ಹೊರಗೆ ತಳ್ಳತ್ತೆ. ತುಂಬಾ ಜನ ಸಿ6-5 ಹಾಕ್ತಾರೆ, ಆದ್ರೆ ಟ್ಯೂಬ್ ಫಿನ್‌ಗೆ ಗಾಳಿ ತಡೆ ಜಾಸ್ತಿ, ಬೇಗ ಸ್ಪೀಡ್ ಕಳ್ಕೊಳ್ಳತ್ತೆ, 5 ಸೆಕೆಂಡ್ ಕಾಯೋ ಅಷ್ಟ್ರಲ್ಲಿ ಮೂತಿ ಕೆಳಗೆ ಮಾಡಿ ಬರ್ತಿರತ್ತೆ. ಡ್ರ್ಯಾಗ್ ಜಾಸ್ತಿ ಅಂತ ಟ್ಯೂಬ್ ಫಿನ್ ಬೈಯೋರಿದಾರೆ, ನನಗೆ ಅದೇ ಇಷ್ಟ. ತೆಳ್ಳಗಿನ ರಾಕೆಟ್ಟು ಇದೇ ಮೋಟರ್‌ನಲ್ಲಿ ಕಣ್ಣಿಗೆ ಕಾಣ್ದಂಗೆ ಹೋಗಿ ಪಕ್ಕದ ಹೊಲದಲ್ಲಿ ಬಿದ್ರೆ ಅದನ್ನ ಹುಡುಕೋರ್ಯಾರು?

ಇನ್ನು ಇದು ನೆಟ್ಟಗೆ ಹೋಗತ್ತಾ ಅನ್ನೋದು. ದೀಪಾವಳಿ ರಾಕೆಟ್ ಕಡ್ಡಿ ಮುರಿದು ಹಚ್ಚಿದ್ರೆ ಏನಾಗತ್ತೆ ಅಂತ ಎಲ್ರಿಗೂ ಗೊತ್ತು, ಸೀದಾ ಎದುರು ಮನೆ ಜಗಲಿಗೆ. ಕಡ್ಡಿ ಬಾಲದ ಕಡೆ ಗಾಳಿ ಹಿಡಿಯತ್ತೆ, ಅದಕ್ಕೇ ಮೂತಿ ಮುಂದಕ್ಕೆ ಇರತ್ತೆ. ನಮ್ಮೂರ ಪಕ್ಕದ ಶ್ರೀರಂಗಪಟ್ಟಣದವರು ಮಾಡಿದ್ದೂ ಇದೇ, ಕಬ್ಬಿಣದ ಕೊಳವೆಗೆ ಉದ್ದ ಬಿದಿರು ಕಟ್ಟಿ ಬಿಡ್ತಿದ್ರು, 1799ರ ನಂತರ ಬ್ರಿಟಿಷರು ಅದನ್ನ ಇಂಗ್ಲೆಂಡಿಗೆ ಹೊತ್ಕೊಂಡ್ ಹೋದ್ರು, ಅದನ್ನ ನೋಡ್ಕೊಂಡೇ ಅಲ್ಲಿನ ವಿಲಿಯಂ ಕಾಂಗ್ರೀವ್ ಅನ್ನೋನು ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಲ್ಲಿ ಹಳೇ ಬಾವಿಯೊಳಗೆ ಸಾವಿರಕ್ಕೂ ಮೇಲೆ ಇಂಥ ರಾಕೆಟ್ ಸಿಕ್ಕಿದ್ವು. ಇದನ್ನ ಹೇಳ್ತಿದ್ರೆ ಅಪ್ಪ "ನಮ್ ಕಡೆಯವರು ಇಷ್ಟೆಲ್ಲ ಗೋಂದು ಹಾಕ್ತಾ ಕೂತಿರ್ಲಿಲ್ಲ ಬಿಡು" ಅಂತ ಒಂದು ಕೊಟ್ರು.

ಲೆಕ್ಕ ಸಿಂಪಲ್. ತೂಕದ ಕೇಂದ್ರ ಸಿಜಿ, ಗಾಳಿ ಒತ್ತೋ ಕೇಂದ್ರ ಸಿಪಿ, ಸಿಜಿ ಕನಿಷ್ಠ ಒಂದು ಬಾಡಿ ಅಗಲದಷ್ಟು ಮುಂದಿರ್ಬೇಕು, ನಮ್ಮದಕ್ಕೆ ಮೂರೂವರೆ ಸೆಂಟಿಮೀಟರ್ ಹತ್ರ. ಚಪ್ಪಟೆ ಫಿನ್‌ಗೆ ಸಿಪಿ ತೆಗೆಯೋ ಬ್ಯಾರೋಮನ್ ಸೂತ್ರ ಅಂತ ಇದೆ, ಅದು ಕೊಳವೆಗೆ ಹಾಗೇ ಹೊಂದಲ್ಲ. ನಾನು ಓಪನ್‌ರಾಕೆಟ್‌ನಲ್ಲಿ ಹಾಕಿ ನೋಡಿದೆ, 2009ರಲ್ಲಿ ಫಿನ್ಲೆಂಡ್‌ನ ಸಾಂಪೋ ನಿಸ್ಕಾನೆನ್ ಮಾಸ್ಟರ್ಸ್ ಥೀಸಿಸ್‌ಗೆ ಅಂತ ಶುರು ಮಾಡಿದ ಸಾಫ್ಟ್‌ವೇರು, ಫ್ರೀ, ಅದರಲ್ಲಿ ಟ್ಯೂಬ್ ಫಿನ್ ಆಪ್ಷನ್ನೇ ಇದೆ. ಮೋಟರ್ ಸೇರಿ ತೂಕ ನೂರು ಗ್ರಾಂ ಆಸುಪಾಸು, ಎತ್ತರ 130 ಮೀಟರ್ ತೋರಿಸ್ತು.

ಆದ್ರೂ ದಾರದ ಪರೀಕ್ಷೆ ಬಿಡಬಾರ್ದು. ಮೋಟರ್ ಹಾಕಿ, ಬೆರಳ ಮೇಲೆ ತೂಗಿಸಿ ಸಿಜಿ ಹುಡುಕಿ, ಅಲ್ಲಿ ದಾರ ಕಟ್ಟಿ ಟೇಪ್ ಹಾಕಿ ತಲೆ ಮೇಲೆ ಗರಗರ ಬೀಸ್ಬೇಕು. ಮೂತಿ ಮುಂದೆ ಮಾಡ್ಕೊಂಡು ಸುತ್ತಿದ್ರೆ ಧೈರ್ಯವಾಗಿ ಹಾರ್ಸಿ. ಅಡ್ಡಾದಿಡ್ಡಿ ಸುತ್ತಿದ್ರೆ ಕೆಟ್ಟದ್ದು ಅಂತ್ಲೇ ಅರ್ಥ ಅಲ್ಲ, ಈ ಪರೀಕ್ಷೆ ಸ್ವಲ್ಪ ಖಡಕ್ಕು, ಮೂತೀಲಿ ಒಂಚೂರು ಜೇಡಿಮಣ್ಣು ಒತ್ತಿ ಮತ್ತೆ ಬೀಸಿ. ಪಾರ್ಕಿಂಗ್ ಲಾಟ್‌ನಲ್ಲಿ ಬೀಸ್ತಿರೋರು ಅಪ್ಪನೇ, ಪಕ್ಕದಲ್ಲಿ ನಾಯಿ ಹಿಡ್ಕೊಂಡು ನಿಂತಿರೋ ಆಂಟಿ ಮುಖ ನೋಡಿ.

ಶನಿವಾರ ಬೆಳಿಗ್ಗೆ ಕ್ಲಬ್‌ನವರ ಮೈದಾನ. ಮೂರಡಿ ಕಂಬಿ, ಕೆಳಗೆ ತಗಡು, ಸುತ್ತ ಒಣಹುಲ್ಲು ಕೆರೆದು ತೆಗೆದಿದೆ. ಇಷ್ಟು ಸಣ್ಣ ರಾಕೆಟ್‌ಗೆ ಇಲ್ಲಿ ಅಮೆರಿಕದಲ್ಲಿ ಸರ್ಕಾರದ ಪರ್ಮಿಷನ್ ಬೇಡ, ಇಂಧನ 125 ಗ್ರಾಂ ಒಳಗೆ, ಒಟ್ಟು ತೂಕ ಒಂದೂವರೆ ಕಿಲೋ ಒಳಗೆ, ಮೈಯೆಲ್ಲ ಕಾಗದ ಪ್ಲಾಸ್ಟಿಕ್ಕು, ಅಷ್ಟಿದ್ರೆ ಆಯ್ತು. ನಾವು ನಿಂತಿರೋದು 15 ಅಡಿ ದೂರ, ಮಗಳ ಕೈಲಿ ಬಟನ್ನು. ಬೆಂಕಿ ಹತ್ತಲಿಲ್ಲ ಅಂದ್ರೆ ಬಟನ್ ಪೆಟ್ಟಿಗೆಯ ಸೇಫ್ಟಿ ಕೀ ಕಿತ್ತು ಒಂದು ನಿಮಿಷ ಯಾರೂ ಹತ್ರ ಹೋಗಂಗಿಲ್ಲ, ತಾತನಿಗೂ ಅದೇ ರೂಲ್ಸು ಅಂತ ಅವಳೇ ಹೇಳಿದ್ಳು. ಐದು, ನಾಲ್ಕು, ಮೂರು...

ಸ್ಲೋ ಮೋಷನ್‌ನಲ್ಲಿ ನೋಡಿ. ಕಂಬಿ ಬಿಟ್ಟ ಮೇಲೆ ಗಾಳಿ ಕಡೆಗೆ ಒಂಚೂರು ವಾಲ್ತು, ಆಮೇಲೆ ಸೀದಾ. ತಿರುಗ್ತಾನೂ ಇಲ್ಲ, ಬಾಡಿ ಮೇಲೆ ಹಾಕಿರೋ ಕರಿ ಪಟ್ಟಿ ಒಂದೇ ಕಡೆ ಇದೆ. ಹೊಗೆ ಗೆರೆ ತೆಳ್ಳಗಾಯ್ತು, ಇನ್ನೂ ಏರ್ತಾನೇ ಇದೆ, ಪಟ್! ಅರಿಶಿನ ಕವರು ಬಿಚ್ಕೊಂಡು, ಅಂಗಡಿ ಹೆಸರು ಉಲ್ಟಾ ಮಾಡ್ಕೊಂಡು ತೇಲ್ತಾ ಬಂತು. ಬಿದ್ದಿದ್ದು ನೂರು ಹೆಜ್ಜೆ ಒಳಗೆ. ಒಂದು ಟ್ಯೂಬಿನ ಹಿಂದಿನ ಅಂಚು ಸ್ವಲ್ಪ ನುಗ್ಗಾಗಿದೆ, ಪೆನ್ ತೂರ್ಸಿ ಹೊರಳಿಸಿದ್ರೆ ಸರಿಹೋಗತ್ತೆ, ಬಾಲ್ಸಾ ಫಿನ್ ಆಗಿದ್ರೆ ಕಿತ್ಕೊಂಡೇ ಬರ್ತಿತ್ತು.

ಊರಲ್ಲಿ ಕೂತು ನೋಡ್ತಿರೋರಿಗೆ ಈ ಮೋಟರ್ ಅಂಗಡೀಲಿ ಹೋಗಿ ತರೋ ಸಾಮಾನಲ್ಲ. ಅದಕ್ಕೆ ಬೇಜಾರ್ ಮಾಡ್ಕೊಬೇಡಿ, ಸೋಡಾ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ ಸೈಕಲ್ ಪಂಪ್‌ನಲ್ಲಿ ಗಾಳಿ ಹೊಡೆಯೋ ವಾಟರ್ ರಾಕೆಟ್‌ಗೂ ಇದೇ ಆರು ಕೊಳವೆ ನಡೆಯತ್ತೆ. ಓಪನ್‌ರಾಕೆಟ್ ಫೈಲ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದೀನಿ. ಅಪ್ಪ ಈಗ್ಲೇ ಡಿ12 ಮೋಟರ್ ಹಾಕೋಣ ಅಂತ ಹಠ ಹಿಡಿದಿದಾರೆ, ನೀವೂ ಹಾಕೋದಾದ್ರೆ ಮೋಟರ್ ಕೂರಿಸೋ ಮೌಂಟ್ 24 ಮಿಲಿಮೀಟರ್‌ಗೆ ಬದಲಾಯಿಸ್ಕೊಳ್ಳಿ, ಹಿಂದೆ ತೂಕ ಜಾಸ್ತಿ ಆಗತ್ತೆ, ಮೂತಿಗೂ ಅದಕ್ಕೆ ತಕ್ಕಂಗೆ ಜೇಡಿಮಣ್ಣು ಸೇರ್ಸಿ ಮತ್ತೊಂದ್ಸಲ ದಾರ ಕಟ್ಟಿ ಬೀಸಿ ನೋಡಿ.